ನಡುಗೆರೆ ಬಿಡುವ ಹೆಜ್ಜೆ: ಆರ್ನಿಸ್ ತ್ರಿಕೋಣದ ಮೇಲೆ ಕಾಲು ಪಳಗಿಸುವ ಬಗೆ

ನೆಲದ ಮೇಲೆ ತ್ರಿಕೋಣ ಬರೆದು ಹೆಜ್ಜೆ ಅಭ್ಯಾಸ ಮಾಡಲು ಹೊರಟವರು ಹೆಚ್ಚಾಗಿ ಮೂರು ಗೆರೆ ಎಳೆದು ಕೆಲಸ ಶುರು ಮಾಡಿಬಿಡುತ್ತಾರೆ. ಬೇಕಾಗುವುದು ನಾಲ್ಕು ಗೆರೆ. ನಾಲ್ಕನೆಯದು ನಾವು ನಿಂತ ಜಾಗದಿಂದ ಎದುರಾಳಿಯ ಕಡೆಗೆ ನೇರವಾಗಿ ಹೋಗುವ ನಡುಗೆರೆ. ಬೆತ್ತದ ಏಟು ಬರುವುದು ಆ ಗೆರೆಯ ಮೇಲೆ. ತ್ರಿಕೋಣ ಇರುವುದೇ ಆ ಗೆರೆಯಿಂದ ನಮ್ಮ ಮೈಯನ್ನು ಆಚೆ ತೆಗೆಯುವುದಕ್ಕಾಗಿ. ನಡುಗೆರೆ ಬರೆಯದೆ ತಿಂಗಳುಗಟ್ಟಲೆ ತ್ರಿಕೋಣದ ಮೇಲೆ ಓಡಾಡಿದವರ ಕಾಲು ಮೂಲೆಗಳನ್ನು ಚೆನ್ನಾಗಿ ಮುಟ್ಟುತ್ತದೆ, ತಲೆ ಮಾತ್ರ ಮೊದಲಿದ್ದಲ್ಲೇ ಇರುತ್ತದೆ. ಅಂಥವರ ಎದುರು ಯಾರಾದರೂ ಬೆತ್ತ ಹಿಡಿದು ನಿಂತ ದಿನ ಇದು ಬಯಲಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಫಿಲಿಪ್ಪೀನ್ಸ್‌ನ ಬೆತ್ತದ ವಿದ್ಯೆಯ ವಿಷಯ. ಊರಿಗೊಂದು, ಗುರುವಿಗೊಂದು ಎಂಬಂತೆ ಅದನ್ನು ಆರ್ನಿಸ್, ಎಸ್ಕ್ರಿಮಾ, ಕಾಲಿ ಎಂದೆಲ್ಲ ಕರೆಯುತ್ತಾರೆ. 2009ರಲ್ಲಿ ರಿಪಬ್ಲಿಕ್ ಆಕ್ಟ್ 9850ರ ಮೂಲಕ ಆರ್ನಿಸ್ ಆ ದೇಶದ ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆಯಾಯಿತು. ಸೆಬು ನಗರದಲ್ಲಿ 1932ರಲ್ಲಿ ಹುಟ್ಟಿದ ದೋಸೆ ಪಾರೆಸ್ ಎಂಬ ಕೂಟದಿಂದ ಹಿಡಿದು, ರೆಮಿ ಪ್ರೆಸಾಸ್ ರೂಪಿಸಿದ ಮಾಡರ್ನ್ ಆರ್ನಿಸ್‌ವರೆಗೆ ಹಲವು ಪಂಥಗಳಿವೆ. ಏಟುಗಳ ಎಣಿಕೆ, ಹೆಸರು, ಹಿಡಿತ ಎಲ್ಲವೂ ಬೇರೆಬೇರೆ. ಹೆಜ್ಜೆಗೆ ಬಂದರೆ ಮಾತ್ರ ಬಹುಪಾಲು ಪಂಥಗಳು ತ್ರಿಕೋಣವನ್ನೇ ಹಿಡಿದಿವೆ. ಟಗಾಲೊಗ್ ಭಾಷೆಯಲ್ಲಿ ತ್ರಿಕೋಣಕ್ಕೆ ತತ್ಸುಲೋಕ್ ಎನ್ನುತ್ತಾರೆ. ಎದುರಾಳಿಯ ಕಡೆಗೆ ಬಾಯಿ ತೆರೆದ ತ್ರಿಕೋಣ ಒಂದು, ಎದುರಾಳಿಯ ಕಡೆಗೆ ಮೊನೆ ಮಾಡಿದ ತ್ರಿಕೋಣ ಇನ್ನೊಂದು. ಇವನ್ನು ಹೆಣ್ಣು ತ್ರಿಕೋಣ, ಗಂಡು ತ್ರಿಕೋಣ ಎಂದು ಕರೆಯುವ ರೂಢಿಯಿದೆ. ಯಾವುದು ಯಾವುದೆಂಬುದು ಒಂದು ಶಾಲೆಯಿಂದ ಇನ್ನೊಂದಕ್ಕೆ ತಿರುವುಮುರುವಾಗುವುದರಿಂದ ಇಲ್ಲಿ ಮುಂದಿನ ತ್ರಿಕೋಣ, ಹಿಂದಿನ ತ್ರಿಕೋಣ ಎಂದಷ್ಟೇ ಕರೆಯೋಣ. ನಾವು ನಿಲ್ಲುವ ಚುಕ್ಕೆಗೆ ಬುಡ ಎನ್ನೋಣ, ಕಾಲಿಡುವ ಎರಡು ತುದಿಗಳಿಗೆ ಎಡ ಮೂಲೆ, ಬಲ ಮೂಲೆ. ಎದುರಾಳಿ ನಿಲ್ಲುವ ಜಾಗಕ್ಕೆ ಒಂದು ಕತ್ತರಿ ಗುರುತು.

ಮೊದಲು ಅಳತೆ. ಪುಸ್ತಕದ ಅಳತೆ, ಗೆಳೆಯರ ಅಳತೆ ಯಾವುದೂ ಆಗಿಬರುವುದಿಲ್ಲ. ಬರಿಗಾಲಲ್ಲಿ ನೇರ ನಿಂತು, ಮೊಣಕಾಲು ಸ್ವಲ್ಪ ಸಡಿಲಿಸಿ, ಮೈಯನ್ನು ಮುಂದಕ್ಕೆ ವಾಲಿಸಿ. ಬೀಳುವಂತಾದಾಗ ಒಂದು ಕಾಲು ತಾನಾಗಿ ಮುಂದೆ ಹೋಗಿ ಹಿಡಿಯುತ್ತದೆ. ಹಿಂದಿನ ಕಾಲಿನ ಮುಂಪಾದದಿಂದ ಮುಂದಿನ ಕಾಲಿನ ಮುಂಪಾದಕ್ಕೆ ಅಳೆಯಿರಿ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. 165 ಸೆಂ.ಮೀ. ಆಸುಪಾಸಿನ ಎತ್ತರದವರಿಗೆ ಇದು ಸಾಮಾನ್ಯವಾಗಿ 60 ಸೆಂ.ಮೀ. ಹತ್ತಿರ ಬರುತ್ತದೆ. ಅದೇ ನಿಮ್ಮ ತ್ರಿಕೋಣದ ಒಂದು ತೋಳಿನ ಉದ್ದ. ದೊಡ್ಡ ಹೆಜ್ಜೆ ಹಾಕಿದರೆ ಹೆಚ್ಚು ದೂರ ತಪ್ಪಿಸಿಕೊಳ್ಳಬಹುದೆಂದು 80, 90 ಸೆಂ.ಮೀ. ಬರೆಯುವವರಿದ್ದಾರೆ. ಅಷ್ಟು ದೂರ ಹೋದ ಕಾಲು ಹಿಮ್ಮಡಿಯ ಮೇಲೆ ಬೀಳುತ್ತದೆ, ಮೊಣಕಾಲು ನೆಟ್ಟಗಾಗುತ್ತದೆ, ಅಲ್ಲಿಂದ ಎರಡನೇ ಹೆಜ್ಜೆ ಏಳುವಷ್ಟರಲ್ಲಿ ಎದುರಾಳಿಯ ಎರಡನೇ ಏಟು ಬಂದಿರುತ್ತದೆ. ನಮ್ಮ ದೊಣ್ಣೆವರಸೆಯಲ್ಲಿ ಉದ್ದ ಕೋಲು ಬೀಸಿ ಪಳಗಿದವರಿಗೆ ಈ ದೊಡ್ಡ ಹೆಜ್ಜೆಯ ಸೆಳೆತ ಜಾಸ್ತಿ. ಆರಡಿ ಕೋಲಿನ ದೂರಕ್ಕೆ ಅದು ಸರಿ. ಆರ್ನಿಸ್ ಬೆತ್ತ ಸುಮಾರು 28 ಇಂಚು, ಅಂದರೆ 71 ಸೆಂ.ಮೀ. ಮಾತ್ರ. ಅದರ ದೂರಕ್ಕೆ ಹೆಜ್ಜೆಯೂ ಕುಗ್ಗಬೇಕು.

ಎರಡನೇ ಪ್ರಶ್ನೆ ತ್ರಿಕೋಣ ಎಷ್ಟು ಅಗಲ ಬಾಯಿ ತೆರೆಯಬೇಕು ಎಂಬುದು. ಮೂರೂ ಬದಿ ಸಮನಾಗಿರುವ ತ್ರಿಕೋಣ ನೋಡಲು ಅಂದ, ಬರೆಯಲು ಸುಲಭ. ಅದರಲ್ಲಿ ಪ್ರತಿ ತೋಳು ನಡುಗೆರೆಯಿಂದ 30 ಡಿಗ್ರಿ ಓರೆಯಾಗಿರುತ್ತದೆ. 60 ಸೆಂ.ಮೀ. ಹೆಜ್ಜೆ ಹಾಕಿದರೆ ಕಾಲು 52 ಸೆಂ.ಮೀ. ಮುಂದೆ ಹೋಗುತ್ತದೆ, ಪಕ್ಕಕ್ಕೆ 30 ಸೆಂ.ಮೀ. ಮಾತ್ರ. ಈಗ ಮೈಭಾರದ ಲೆಕ್ಕ ಹಾಕಿ. ಹಿಂದಿನ ಕಾಲು ಇನ್ನೂ ಬುಡದಲ್ಲೇ ಇದೆ, ನೂರರಲ್ಲಿ 60 ಪಾಲು ಭಾರ ಮುಂದಿನ ಕಾಲಿಗೆ ಬಂದಿದೆ ಎಂದುಕೊಳ್ಳೋಣ. ಆಗ ಮೈಯ ನಡುಭಾಗ ನಡುಗೆರೆಯಿಂದ ಸರಿದಿರುವುದು ಬರೀ 18 ಸೆಂ.ಮೀ. ತಲೆ ಹೇಗೋ ಗೆರೆ ದಾಟಿತು, ಆದರೆ ಒಂದು ಭುಜ ಇನ್ನೂ ಗೆರೆಯ ಮೇಲೆಯೇ ಇದೆ. ನೆತ್ತಿಗೆ ಬಂದ ಏಟು ಕೊರಳ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ತೋಳುಗಳನ್ನು 45 ಡಿಗ್ರಿಗೆ ತೆರೆದರೆ ಅದೇ 60 ಸೆಂ.ಮೀ. ಹೆಜ್ಜೆ 42 ಮುಂದೆ, 42 ಪಕ್ಕಕ್ಕೆ ಹಂಚಿಹೋಗುತ್ತದೆ. ಮೈ 25 ಸೆಂ.ಮೀ. ಸರಿಯುತ್ತದೆ. ಕಲಿಯುವವರಿಗೆ 45 ಡಿಗ್ರಿಯ ತ್ರಿಕೋಣವೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 30 ಡಿಗ್ರಿಯದು ಒಳನುಗ್ಗುವವರಿಗೆ. ಹೊತ್ತು ನೋಡಿ ಹೆಜ್ಜೆ ಇಡುವುದು ಕೂಡಿಬಂದ ಮೇಲೆ ಅದಕ್ಕೆ ಹೋಗಬಹುದು.

ಬರೆಯುವ ಕ್ರಮ ಹೀಗೆ. ಗೋಡೆಗೆ ಎದುರಾಗಿ ನಡುಗೆರೆ ಎಳೆಯಿರಿ, ಎರಡು ಮೀಟರ್ ಉದ್ದ ಸಾಕು. ಅದರ ಮೇಲೆ ಬುಡದ ಚುಕ್ಕೆ ಇಡಿ. ಬುಡದಿಂದ ಮುಂದೆ 150 ಸೆಂ.ಮೀ. ದೂರದಲ್ಲಿ ಕತ್ತರಿ ಗುರುತು ಹಾಕಿ. ಬುಡದಿಂದ ನಡುಗೆರೆಯ ಮೇಲೆ 42 ಸೆಂ.ಮೀ. ಮುಂದೆ ಇನ್ನೊಂದು ಚುಕ್ಕೆ, ಅದರಿಂದ ಎಡಕ್ಕೆ 42, ಬಲಕ್ಕೆ 42. ಆ ಎರಡು ಮೂಲೆಗಳನ್ನು ಬುಡಕ್ಕೆ ಸೇರಿಸಿದರೆ ಎರಡು ತೋಳು ಸಿದ್ಧ. ಕೋನಮಾಪಕ ಬೇಡ. ಎರಡೂ ತೋಳು 60 ಬರಬೇಕು, ಮೂಲೆಯಿಂದ ಮೂಲೆಗೆ 85 ಬರಬೇಕು. ಮೂರೂ ಕೂಡಿಬಂದರೆ ತ್ರಿಕೋಣ ಸರಿಯಾಗಿದೆ. 85ರ ಬದಲು 80 ಬಂದರೆ ಬಾಯಿ ಕಿರಿದಾಗಿದೆ, ಎಲ್ಲೋ ಓರೆಯಾಗಿದೆ, ಅಳಿಸಿ ಬರೆಯಿರಿ. ನಿಮ್ಮ ತೋಳು 55 ಆದರೆ 42ರ ಬದಲು 39, 65 ಆದರೆ 46. ಮನೆಯಲ್ಲಿ ಎರಡಡಿಯ ಚೌಕ ಟೈಲ್ಸ್ ಇದ್ದರೆ ಕೆಲಸ ಇನ್ನೂ ಹಗುರ. ಟೈಲ್ಸ್ ನಡುವಿನ ಸಂದಿಯೇ ನಡುಗೆರೆ, ಅಕ್ಕಪಕ್ಕದ ಎರಡು ಟೈಲ್ಸ್‌ಗಳ ಕರ್ಣವೇ 45 ಡಿಗ್ರಿಯ ತೋಳು. ದಾರ ಹಿಡಿದು ಕರ್ಣದ ಉದ್ದಕ್ಕೆ 60 ಸೆಂ.ಮೀ. ಗುರುತು ಮಾಡಿದರೆ ಮುಗಿಯಿತು.

ಗುರುತು ಯಾವುದರಿಂದ ಹಾಕಬೇಕೆಂಬುದೂ ಮುಖ್ಯ. ತಾರಸಿಯ ಮೇಲಾದರೆ ಕುಂಟೆಬಿಲ್ಲೆಗೆ ಬರೆಯುವಂತೆ ಸೀಮೆಸುಣ್ಣ ಸಾಕು, ಎರಡು ದಿನಕ್ಕೊಮ್ಮೆ ತಿದ್ದಬೇಕು ಅಷ್ಟೆ. ರಂಗೋಲಿ ಪುಡಿಯಿಂದ ಗೆರೆ ಎಳೆಯುವುದು ಬೇಡ. ಬರಿಗಾಲಿನ ಕೆಳಗೆ ಆ ಪುಡಿ ಉರುಳುತ್ತದೆ, ಕಾಲು ಜಾರುತ್ತದೆ. ಒಳಗಡೆ ನೆಲಕ್ಕೆ ಒಂದಿಂಚಿನ ಮಾಸ್ಕಿಂಗ್ ಟೇಪ್ ಒಳ್ಳೆಯದು. ಕರೆಂಟಿನವರು ಬಳಸುವ ಪ್ಲಾಸ್ಟಿಕ್ ಟೇಪ್ ಹಿಗ್ಗಿ ಸುರುಳಿಯಾಗುತ್ತದೆ, ಕಿತ್ತಾಗ ಅಂಟು ಉಳಿಯುತ್ತದೆ. ಮಾಸ್ಕಿಂಗ್ ಟೇಪನ್ನೂ ಬಿಸಿಲು ಬೀಳುವ ಕಡೆ ವಾರಗಟ್ಟಲೆ ಬಿಟ್ಟರೆ ಅಂಟು ನೆಲಕ್ಕೆ ಹಿಡಿಯುತ್ತದೆ. ಹಳೆಯ ಕೆಂಪು ಗಾರೆ ನೆಲವಿದ್ದರೆ ಬಹಳ ಜಾಗ್ರತೆ. ಮೂಲೆಗಳಲ್ಲಿ ಚುಕ್ಕೆ ಇಡುವಾಗ ಅದು ಮುಂಪಾದದ ಗುರುತು, ಹಿಮ್ಮಡಿಯದಲ್ಲ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಒಂದು ದಿನ ಹಿಮ್ಮಡಿ, ಇನ್ನೊಂದು ದಿನ ಬೆರಳು ಎಂದಾದರೆ ಅಳೆದದ್ದೆಲ್ಲ ವ್ಯರ್ಥ.

ಇನ್ನೊಂದು ಸಣ್ಣ ಉಪಾಯ ದೊಡ್ಡ ತೊಂದರೆಯನ್ನು ತಪ್ಪಿಸುತ್ತದೆ. ಚಿತ್ರದ ಮೇಲೆ ಹೆಜ್ಜೆ ಹಾಕುವವರೆಲ್ಲರ ಮೊದಲ ರೋಗ ನೆಲ ನೋಡುವುದು. ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಬೆನ್ನು ಬಗ್ಗಿದರೆ ಭಾರ ಬೆರಳಿಗೆ ಹೋಗುತ್ತದೆ. ನೋಡಬೇಡಿ ಎಂದು ಎಷ್ಟು ಹೇಳಿದರೂ ಕಣ್ಣು ಇಳಿದೇ ಇಳಿಯುತ್ತದೆ, ಯಾಕೆಂದರೆ ಚುಕ್ಕೆ ಎಲ್ಲಿದೆ ಎಂದು ಕಾಲಿಗೆ ಬೇರೆ ದಾರಿಯಿಂದ ತಿಳಿಯುವುದಿಲ್ಲ. ಆ ದಾರಿ ಮಾಡಿಕೊಡಿ. ಬುಡದಲ್ಲಿ ಮತ್ತು ಎರಡು ಮೂಲೆಗಳಲ್ಲಿ, ಚುಕ್ಕೆಗಿಂತ ಎರಡು ಬೆರಳು ಆಚೆಗೆ, ಟೇಪಿನ ಅಡಿಯಲ್ಲಿ ಒಂದು ಗೇಣು ಸಣ್ಣ ಸೆಣಬಿನ ಹುರಿ ಇಟ್ಟು ಅಂಟಿಸಿ. ಕಾಲು ಬಂದು ಕೂತಾಗ ಬೆರಳ ತುದಿಗೆ ಆ ಉಬ್ಬು ತಗಲುತ್ತದೆ. ಹುರಿ ಸರಿಯಾಗಿ ಮುಂಪಾದದ ಕೆಳಗೇ ಬರಬಾರದು. ಅದರ ಮೇಲೆ ಕಾಲು ತಿರುಗಿಸಿದರೆ ಉಳುಕುತ್ತದೆ. ಬೆರಳಿಗೆ ಮಾತ್ರ ಸಿಗಬೇಕು. ನಾಲ್ಕೈದು ದಿನದಲ್ಲಿ ಕಣ್ಣು ತಾನಾಗಿ ಮೇಲೇಳುತ್ತದೆ.

ನೆಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಾಕ್ಸ್ ಹಾಕಿ ಟೈಲ್ಸ್ ಮೇಲೆ ಬೇಡ. ಕಚ್ಚಿ ಹಿಡಿಯುವ ರಬ್ಬರ್ ಅಡಿಯ ಶೂ ಹಾಕಿ ಒರಟು ಸಿಮೆಂಟಿನ ಮೇಲೂ ಬೇಡ, ಅಲ್ಲಿ ಪಾದ ನೆಲಕ್ಕೆ ಹಿಡಿದುಕೊಂಡು ಮೈ ಮಾತ್ರ ತಿರುಗುತ್ತದೆ, ಆ ತಿರುಚು ಪೂರ್ತಿ ಮೊಣಕಾಲಿಗೆ ಬೀಳುತ್ತದೆ. ಮಳೆಗಾಲದ ತಾರಸಿಯ ಪಾಚಿ, ಮುಂಜಾನೆಯ ಇಬ್ಬನಿ ಎರಡನ್ನೂ ಒರೆಸಿಯೇ ಶುರುಮಾಡಬೇಕು. ಗರಡಿಮನೆಯ ಮಣ್ಣು ಸಿಗುವವರು ಭಾಗ್ಯವಂತರು.

ಮೊದಲ ವಾರ ಬೆತ್ತ ಮುಟ್ಟಬೇಡಿ. ಎರಡೂ ಪಾದ ಬುಡದಲ್ಲಿ, ಮುಂಪಾದಗಳ ನಡುವೆ ಒಂದು ಮುಷ್ಟಿ ಅಂತರ, ಮೊಣಕಾಲು ಸಡಿಲ, ಹಿಮ್ಮಡಿ ನೆಲದಿಂದ ಒಂದು ಕಾಗದ ತೂರುವಷ್ಟು ಮೇಲೆ. ಕೈಗಳು ಎದೆಯ ಮುಂದೆ. ಬಲಕ್ಕೆ ಹೋಗಬೇಕಾದರೆ ಬಲಗಾಲು, ಎಡಕ್ಕೆ ಎಡಗಾಲು. ಕಾಲು ಕಾಲನ್ನು ದಾಟಬಾರದು. ಬಲಗಾಲು ಬಲ ಮೂಲೆಗೆ, ನಿಲುಗಡೆ, ಮರಳಿ ಬುಡಕ್ಕೆ. ಎಡಗಾಲು ಎಡ ಮೂಲೆಗೆ, ನಿಲುಗಡೆ, ಬುಡಕ್ಕೆ. ಮೊಬೈಲಿನಲ್ಲಿ ತಾಳದ ಆ್ಯಪ್ ಹಾಕಿ ನಿಮಿಷಕ್ಕೆ 60 ಬಡಿತ ಇಟ್ಟುಕೊಳ್ಳಿ: ಒಂದು ಬಡಿತಕ್ಕೆ ಹೋಗುವುದು, ಒಂದಕ್ಕೆ ನಿಲ್ಲುವುದು, ಒಂದಕ್ಕೆ ಬರುವುದು, ಒಂದಕ್ಕೆ ನಿಲ್ಲುವುದು. ಪಕ್ಕಕ್ಕೆ 50ರಂತೆ ನೂರು ಹೆಜ್ಜೆಗೆ ಏಳು ನಿಮಿಷದ ಹತ್ತಿರ ಹಿಡಿಯುತ್ತದೆ. ದಿನಕ್ಕೆ ಅಷ್ಟು ಸಾಕು. ಮೂರನೇ ದಿನಕ್ಕೆ ಮೀನಖಂಡ ಹಿಡಿದುಕೊಂಡರೆ ಅದು ಸರಿಯಾದ ನೋವು. ಮೊಣಕಾಲಿನ ಒಳಬದಿ ನೋಯುತ್ತಿದ್ದರೆ ಪಾದ ಒಂದು ದಿಕ್ಕಿಗೆ, ಮೊಣಕಾಲು ಇನ್ನೊಂದು ದಿಕ್ಕಿಗೆ ಹೋಗುತ್ತಿದೆ ಎಂದರ್ಥ. ಮೊಣಕಾಲು ಯಾವಾಗಲೂ ಎರಡನೇ ಬೆರಳಿನ ನೇರಕ್ಕಿರಲಿ.

ನಿಂತಾಗ ಪ್ರತಿ ಸಲ ಒಂದು ಪರೀಕ್ಷೆ. ಮೂಲೆಯಲ್ಲಿ ನಿಂತ ಕ್ಷಣ, ಮೈ ಅಲ್ಲಾಡಿಸದೆ ಹಿಂದಿನ ಕಾಲನ್ನು ಒಂದಿಂಚು ಎತ್ತಲು ಆಗಬೇಕು. ಎತ್ತುವ ಮುನ್ನ ಸೊಂಟ ಮುಂದಕ್ಕೆ ಜರುಗಿತೋ, ಕಾಲು ಹೋಗಿದೆ, ಭಾರ ಹೋಗಿಲ್ಲ. ಎತ್ತಿದೊಡನೆ ಮುಗ್ಗರಿಸಿದಿರೋ, ಭಾರ ಬೇಕಾದ್ದಕ್ಕಿಂತ ಮುಂದೆ ಹೋಗಿದೆ. ಬಹಳ ಜನರಲ್ಲಿ ಕಾಣುವುದು ಮೊದಲನೆಯದು. ಕಾಲನ್ನು ಮೊದಲು ಕಳಿಸಿ, ಮೈಯನ್ನು ಆಮೇಲೆ ಎಳೆದುಕೊಳ್ಳುತ್ತಾರೆ, ಬಿಸಿನೀರಿಗೆ ಕಾಲಿಡುವವರ ಹಾಗೆ. ಆಗಬೇಕಾದ್ದು ಅದರ ತಿರುಗು. ಎಡ ಮುಂಪಾದ ನೆಲವನ್ನು ತಳ್ಳುತ್ತದೆ, ಸೊಂಟ ಬಲಕ್ಕೆ ಹೊರಡುತ್ತದೆ, ಬೀಳುತ್ತಿರುವ ಮೈಯನ್ನು ಬಲಗಾಲು ಹೋಗಿ ಹಿಡಿಯುತ್ತದೆ. ಅಳತೆ ತೆಗೆಯುವಾಗ ಮುಂದಕ್ಕೆ ಬಿದ್ದಿರಲ್ಲ, ಅದೇ ಬೀಳುವಿಕೆ, ಈಗ ಓರೆಗೆ.

ಎರಡನೇ ವಾರ ಹಿಂದಿನ ಕಾಲು. ಇಡೀ ಅಭ್ಯಾಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ಚಿತ್ರದಲ್ಲಿ ಇದಕ್ಕೆ ಗುರುತೇ ಇರುವುದಿಲ್ಲವಾದ್ದರಿಂದ ಎಲ್ಲರೂ ಹಾರಿಸಿಬಿಡುವ ಭಾಗವೂ ಇದೇ. ಬಲಗಾಲು ಬಲ ಮೂಲೆಯಲ್ಲಿ ಕೂತಿತು. ಎಡಗಾಲು ಬುಡದಲ್ಲೇ ಉಳಿದರೆ ಮೈ 25 ಸೆಂ.ಮೀ. ಮಾತ್ರ ಸರಿದಿದೆ ಎಂದು ಆಗಲೇ ನೋಡಿದೆವು. ಜತೆಗೆ ಕಾಲುಗಳ ನಡುವಿನ ಗೆರೆ ಎದುರಾಳಿಯ ಕಡೆ ಇಲ್ಲ, ಅವರ ಬಲಕ್ಕೋ ಎಡಕ್ಕೋ ಎಲ್ಲೋ ನೋಡುತ್ತಿದೆ. ಎಡಗಾಲು ಹಿಂಬಾಲಿಸಲೇಬೇಕು. ಎಲ್ಲಿಗೆ? ಮುಂದಿನ ಕಾಲಿನ ಹಿಮ್ಮಡಿಯ ಹಿಂದಕ್ಕೇ ಎಳೆದುಕೊಂಡರೆ ಎರಡು ಪಾದ ಹಗ್ಗದ ಮೇಲೆ ನಿಂತಂತೆ ಒಂದೇ ಗೆರೆಯಲ್ಲಿ ಬರುತ್ತವೆ. ಪಕ್ಕದಿಂದ ಸಣ್ಣದಾಗಿ ತಳ್ಳಿದರೂ ಆಸಾಮಿ ಬೀಳುತ್ತಾನೆ.

ಸರಿಯಾದ ಜಾಗವನ್ನು ಹೀಗೆ ಕಂಡುಕೊಳ್ಳಬಹುದು. ಬಲ ಮೂಲೆಯಿಂದ ಕತ್ತರಿ ಗುರುತಿಗೆ ದಾರ ಎಳೆದು ಹಿಡಿಯಿರಿ. ನಡುಗೆರೆಗೆ ಹೋಲಿಸಿದರೆ ಆ ದಾರ ಸುಮಾರು 20 ಡಿಗ್ರಿ ಎಡಕ್ಕೆ ವಾಲಿರುತ್ತದೆ. ಮೈ ತಿರುಗಬೇಕಾದ್ದು ಅಷ್ಟೇ. ಆ ದಾರವನ್ನು ಮೂಲೆಯಿಂದ ಹಿಂದಕ್ಕೆ 45 ಸೆಂ.ಮೀ. ಬೆಳೆಸಿ, ಅಲ್ಲಿಂದ ಎಡಕ್ಕೆ ಒಂದು ಗೇಣು, ಅಂದರೆ 20 ಸೆಂ.ಮೀ. ಬನ್ನಿ. ಆ ಚುಕ್ಕೆ ಬುಡದಿಂದ ಬಲಕ್ಕೆ ಹೆಚ್ಚುಕಡಿಮೆ 40 ಸೆಂ.ಮೀ. ದೂರದಲ್ಲಿ, ಬುಡಕ್ಕಿಂತ ನಾಲ್ಕು ಬೆರಳು ಹಿಂದೆ ಬೀಳುತ್ತದೆ. ಅಲ್ಲೊಂದು ಬೇರೆ ಬಣ್ಣದ ಚುಕ್ಕೆ ಇಡಿ. ಎಡಕ್ಕೂ ಹಾಗೆಯೇ ಒಂದು. ಈಗ ಬಲಗಾಲು ಮೂಲೆಗೆ, ಎಡಗಾಲು ಬಣ್ಣದ ಚುಕ್ಕೆಗೆ ಬಂದರೆ ಇಡೀ ಮೈ ನಡುಗೆರೆಯಿಂದ 40 ಸೆಂ.ಮೀ. ಆಚೆ ನಿಂತಿರುತ್ತದೆ, ಎದೆ ಎದುರಾಳಿಯ ಕಡೆಗೇ ಇರುತ್ತದೆ, ಕಾಲುಗಳ ನಡುವೆ ಅಗಲವೂ ಉಳಿದಿರುತ್ತದೆ. ಏಟು ಬಿದ್ದ ಜಾಗದಲ್ಲಿ ಯಾರೂ ಇಲ್ಲ. ಏಟು ಹಾಕಿದವರು ನಮಗಾಗಿ ತಿರುಗಬೇಕು, ನಾವಾಗಲೇ ತಿರುಗಿ ನಿಂತಿದ್ದೇವೆ. ತ್ರಿಕೋಣ ಕೊಡುವ ಲಾಭ ಇಷ್ಟೇ, ಆದರೆ ಬೆತ್ತದ ಕಾಳಗದಲ್ಲಿ ಇಷ್ಟು ಸಿಕ್ಕರೆ ಬೇಕಾದಷ್ಟಾಯಿತು.

ಆ 20 ಡಿಗ್ರಿಯಲ್ಲೂ ತಪ್ಪುಗಳಾಗುತ್ತವೆ. ತಿರುಗದೆ ಗೋಡೆಗೆ ನೇರವಾಗಿಯೇ ನಿಂತರೆ ಎಡ ಪಕ್ಕೆ ತೆರೆದುಕೊಂಡಿರುತ್ತದೆ. 45 ಡಿಗ್ರಿ ಹೆಜ್ಜೆ ಹಾಕಿದ್ದರಿಂದ 45 ಡಿಗ್ರಿಯೇ ತಿರುಗಬೇಕೆಂದು ತಿರುಗಿದರೆ ಬಲ ಭುಜ ಮತ್ತೆ ನಡುಗೆರೆಯ ಕಡೆಗೆ ಚಾಚಿಕೊಳ್ಳುತ್ತದೆ. ಇದನ್ನು ನೋಡಿಕೊಳ್ಳಲು ಕತ್ತರಿ ಗುರುತಿನ ಮೇಲೆ, ಗದ್ದದ ಎತ್ತರಕ್ಕೆ ಮೊಬೈಲ್ ನಿಲ್ಲಿಸಿ ವಿಡಿಯೊ ಮಾಡಿ. ಬುಡಕ್ಕೂ ಮೊಬೈಲಿಗೂ ನಡುವೆ ಸೂರಿನಿಂದ ಒಂದು ದಾರಕ್ಕೆ ಸಣ್ಣ ಭಾರ ಕಟ್ಟಿ ನಡುಗೆರೆಯ ಮೇಲೆ ಇಳಿಬಿಡಿ. ವಿಡಿಯೊದಲ್ಲಿ ಹೆಜ್ಜೆ ಮುಗಿದಾಗ ದಾರದ ಹಿಂದೆ ಮೈಯ ಯಾವ ಭಾಗವೂ ಕಾಣಬಾರದು. ಕಿವಿ ಕಂಡರೂ ತಪ್ಪು. ಜತೆಗೆ ತಲೆ ಮೇಲೆ ಕೆಳಗೆ ಆಡುತ್ತಿದೆಯೇ ನೋಡಿ. ಹೆಜ್ಜೆಯ ನಡುವೆ ತಲೆ ಎದ್ದರೆ ಮೊಣಕಾಲು ಬಿಗಿಯುತ್ತಿದೆ, ನೆಗೆಯುತ್ತಿದ್ದೀರಿ. ನೆಗೆದ ಕಾಲು ಗಾಳಿಯಲ್ಲಿರುವಷ್ಟು ಹೊತ್ತು ದಿಕ್ಕು ಬದಲಿಸಲಾಗದು.

ಇದು ಕೂಡಿಬಂದ ಮೇಲೆ ಬುಡಕ್ಕೆ ಮರಳದೆ ಬದಲಿಸುವುದು. ಬಲ ನಿಲುವಿನಿಂದ ನೇರ ಎಡ ನಿಲುವಿಗೆ: ಮುಂದಿದ್ದ ಬಲಗಾಲು ಬುಡದ ಹತ್ತಿರಕ್ಕೆ ಬರುತ್ತಿರುವಾಗಲೇ ಎಡಗಾಲು ಎಡ ಮೂಲೆಗೆ ಹೊರಟಿರುತ್ತದೆ. ಎರಡೂ ಪಾದ ಬುಡದಲ್ಲಿ ಒಟ್ಟಿಗೆ ಬಂದು ನಿಲ್ಲುವ ಕ್ಷಣವೇ ಅಪಾಯದ್ದು, ಆಗ ನಾವು ನಡುಗೆರೆಯ ಮೇಲೆ ಕಂಬದ ಹಾಗೆ ನಿಂತಿರುತ್ತೇವೆ. ತಾಳದ ಬಡಿತ ಏರಿಸಬೇಡಿ. 60ರಲ್ಲೇ ಇಟ್ಟು, ನಿಲುಗಡೆಯ ಬಡಿತ ಮಾತ್ರ ತೆಗೆಯಿರಿ.

ಹಿಂದಿನ ತ್ರಿಕೋಣ ಬರೆಯುವುದು ಸುಲಭ. ಅದೇ ಬುಡದಿಂದ ಹಿಂದಕ್ಕೆ ಅದೇ ಅಳತೆಯ ಎರಡು ತೋಳು. ಈಗ ನೆಲದ ಮೇಲೆ ನಾಲ್ಕು ತೋಳಿನ ಗುಣಾಕಾರ ಚಿಹ್ನೆ, ನಡುವೆ ನಡುಗೆರೆ. ಏಟು ತುಂಬ ಹತ್ತಿರ ಬಂದಾಗ, ಅಥವಾ ಮುಂದಿನ ಮೊಣಕಾಲಿಗೆ ಬಂದಾಗ ಬಳಸುವುದು ಇದನ್ನು. ಎಡ ಹಿಂಮೂಲೆಗೆ ಎಡಗಾಲು ಮೊದಲು, ಭಾರ ಅದರ ಮೇಲೆ, ಆಮೇಲೆ ಬಲಗಾಲು ಹಗುರಾಗಿ ಬೆರಳ ಮೇಲೆ ಹಿಂದಕ್ಕೆ ಜಾರುತ್ತದೆ. 42 ಸೆಂ.ಮೀ. ಹಿಂದೆ ಸರಿದಾಗ ಎದುರಾಳಿಯ ಬೆತ್ತದ ತುದಿ ನಮಗೆ ಸಿಗದೆ ಹಾದುಹೋಗುತ್ತದೆ, ಆದರೆ ಬೆತ್ತ ಹಿಡಿದ ಕೈ ನಮ್ಮ ಬೆತ್ತಕ್ಕೆ ಚೆನ್ನಾಗಿ ಸಿಗುವ ದೂರದಲ್ಲೇ ಇರುತ್ತದೆ. ತುದಿ ನಮ್ಮಿಂದ ಒಂದು ಗೇಣು ದೂರವಿದ್ದರೆ ಕೈ ಅದರಾಚೆ ಎರಡಡಿ. ತೋಳು ಚಾಚಿ ಬೆತ್ತ ಬೀಸಿದರೆ ನಾವು ನಾಲ್ಕಡಿ ಮುಟ್ಟುತ್ತೇವೆ. ಫಿಲಿಪ್ಪೀನ್ಸ್‌ನವರು ಇದಕ್ಕೆ ಹಾವಿನ ಹಲ್ಲು ಕೀಳುವುದು ಎನ್ನುತ್ತಾರೆ. ಹಿಮ್ಮೆಟ್ಟುವುದೆಂದರೆ ಓಡುವುದಲ್ಲ, ಕೈಗೆ ಹೊಡೆಯಲು ದೂರ ಮಾಡಿಕೊಳ್ಳುವುದು. ಇಲ್ಲಿನ ಸಾಮಾನ್ಯ ತಪ್ಪು ಕಾಲಿನ ಬದಲು ಬೆನ್ನನ್ನು ಹಿಂದಕ್ಕೆ ಬಾಗಿಸುವುದು. ಬೆನ್ನು ಬಾಗಿದಾಗ ಮೊಣಕಾಲು ಅಲ್ಲೇ ಉಳಿಯುತ್ತದೆ, ಭಾರ ಹಿಮ್ಮಡಿಗೆ ಕೂರುತ್ತದೆ, ಎರಡನೇ ಸಲ ಹಿಂದೆ ಸರಿಯಲಾಗದು.

ನಾಲ್ಕನೇ ವಾರದ ಹೊತ್ತಿಗೆ ಬೆತ್ತ. ನಾರಿನ ಬೆತ್ತವೇ ಆಗಬೇಕು, ಬಿದಿರು ಬೇಡ. ಬಿದಿರು ಸೀಳಿ ಚೂಪಾದ ಸಿಬಿರು ಹಾರುತ್ತದೆ, ಬೆತ್ತ ನಾರುನಾರಾಗಿ ಸವೆಯುತ್ತದೆ ಅಷ್ಟೆ. ಬೆತ್ತ ಕೈಗೆ ಬಂದ ದಿನ ಹೆಜ್ಜೆ ಅರ್ಧ ಕೆಡುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ಗಾಬರಿ ಬೇಡ. ಕೈ ಬೇಗ ಹೋಗುತ್ತದೆ, ಕಾಲು ನಿಧಾನ. ಹೀಗಾಗಿ ನಿಂತಲ್ಲೇ ಬೀಸಿ ಆಮೇಲೆ ಹೆಜ್ಜೆ ಹಾಕುತ್ತಾರೆ. ಮುಂದಿನ ಪಾದ ನೆಲ ಮುಟ್ಟುವ ಸದ್ದು, ಬೆತ್ತ ಗುರಿ ಮುಟ್ಟುವ ಸದ್ದು ಒಂದೇ ಆಗಿ ಕೇಳಬೇಕು. ಕತ್ತರಿ ಗುರುತಿನ ಮೇಲೆ ಹಳೆಯ ಸ್ಕೂಟರ್ ಟೈರು ತೂಗುಹಾಕಿದರೆ ಇದು ಕಿವಿಗೇ ತಿಳಿಯುತ್ತದೆ. ಎರಡು ಸದ್ದು ಬಂದರೆ ಬೆತ್ತದ ವೇಗ ಇಳಿಸಿ, ಕಾಲನ್ನು ಅವಸರಪಡಿಸಬೇಡಿ.

ಯಾವ ಏಟಿಗೆ ಯಾವ ಮೂಲೆ? ಮಾಡರ್ನ್ ಆರ್ನಿಸ್‌ನಲ್ಲಿ ಏಟುಗಳು ಹನ್ನೆರಡು. ಒಂದನೆಯದು ನಮ್ಮ ಎಡ ಕಪಾಳದ ಮೇಲ್ಭಾಗಕ್ಕೆ, ಎರಡನೆಯದು ಬಲಕ್ಕೆ, ಐದನೆಯದು ಹೊಟ್ಟೆಗೆ ತಿವಿತ, ಹನ್ನೆರಡನೆಯದು ನೆತ್ತಿಗೆ. ಶುರುವಿನವರಿಗೆ ಒಂದೇ ನಿಯಮ ಸಾಕು: ಬೆತ್ತ ಬರುವ ಪಕ್ಕವನ್ನು ಬಿಟ್ಟು ಹೋಗಿ. ಒಂದಕ್ಕೆ ಬಲ ಮೂಲೆ, ಎರಡಕ್ಕೆ ಎಡ ಮೂಲೆ. ಆದರೆ ಎರಡೂ ಸಮವಲ್ಲ. ಎರಡನೇ ಏಟಿಗೆ ಎಡಕ್ಕೆ ಹೋದರೆ ಬಲಗೈಯಲ್ಲಿ ಬೆತ್ತ ಹಿಡಿದ ಎದುರಾಳಿಯ ತೋಳಿನ ಹೊರಗೆ ಬಂದು ನಿಲ್ಲುತ್ತೇವೆ, ಅವರ ಇನ್ನೊಂದು ಕೈ ದೂರ. ಒಂದನೇ ಏಟಿಗೆ ಬಲಕ್ಕೆ ಹೋದರೆ ಬೆತ್ತದಿಂದ ದೂರವಾದೆವು ನಿಜ, ಅವರ ಬರಿಗೈಗೆ ಹತ್ತಿರವಾದೆವು. ಆದ್ದರಿಂದ ಬಲ ಮೂಲೆಗೆ ಹೋಗುವಾಗ ನಮ್ಮ ಎಡಗೈ ಎದೆಯ ಮುಂದೆ ಎಚ್ಚರವಾಗಿರಬೇಕು, ಸೊಂಟಕ್ಕೆ ಇಳಿಯಬಾರದು.

ಈಗ ಇನ್ನೊಬ್ಬರು ಬೇಕು. ಪ್ಲಾಸ್ಟಿಕ್ ಪೈಪಿಗೆ ಸ್ಪಂಜು ಸುತ್ತಿದ ಕೋಲು ಕೊಟ್ಟು ಕತ್ತರಿ ಗುರುತಿನ ಮೇಲೆ ನಿಲ್ಲಿಸಿ. ಅವರು ನಿಧಾನವಾಗಿ ಹನ್ನೆರಡನೇ ಏಟು ಮಾತ್ರ ಹಾಕಲಿ, ನಿಜವಾಗಿ ತಲೆಯ ಜಾಗಕ್ಕೇ ಹಾಕಲಿ. ಸ್ನೇಹಕ್ಕೆ ಪಕ್ಕಕ್ಕೆ ಹಾಕಿದರೆ ಏನೂ ಕಲಿತಂತಾಗದು. ಮೊದಲ ದಿನ ಎಲ್ಲರೂ ಬೇಗ ಹೊರಡುತ್ತಾರೆ. ಎದುರಿನವರ ಭುಜ ಏಳುತ್ತಿದ್ದಂತೆ ನಾವು ಮೂಲೆ ಸೇರಿದರೆ, ಅವರು ಬೆತ್ತದ ದಾರಿಯನ್ನು ಮೂಲೆಗೆ ತಿರುಗಿಸಿ ಅಲ್ಲೇ ಹೊಡೆಯುತ್ತಾರೆ. ಅವರ ಮೊಣಕೈ ಕೆಳಗಿಳಿಯಲು ಶುರುವಾದ ಮೇಲೆ ಏಟಿನ ದಾರಿ ಬದಲಿಸುವುದು ಕಷ್ಟ. ಹೊರಡಬೇಕಾದ್ದು ಆಗ. ಎಲ್ಲಿಗೆ ಹೋಗಬೇಕೆಂದು ಚಿತ್ರ ಹೇಳುತ್ತದೆ, ಯಾವಾಗ ಎಂಬುದನ್ನು ಎದುರಿನವರ ಮೊಣಕೈ ಮಾತ್ರ ಹೇಳಬಲ್ಲದು. ಅದಕ್ಕೇ ಕಣ್ಣು ನೆಲಕ್ಕಿಳಿಯಬಾರದೆಂದು ಆಗ ಅಷ್ಟು ಒತ್ತಿ ಹೇಳಿದ್ದು.

ಎದುರಾಳಿ ತಿರುಗಿದ ಕೂಡಲೇ ನೆಲದ ಮೇಲಿನ ಚಿತ್ರ ಹಳೆಯದಾಗುತ್ತದೆ. ಅವರಿಂದ ನಮಗೆ ಹೊಸ ನಡುಗೆರೆ, ನಾವು ನಿಂತಲ್ಲಿ ಹೊಸ ಬುಡ. ಇದನ್ನು ಅಭ್ಯಾಸ ಮಾಡಲು ಕತ್ತರಿ ಗುರುತನ್ನು ಕೇಂದ್ರವಾಗಿಟ್ಟು 150 ಸೆಂ.ಮೀ. ದಾರದಿಂದ ಸುತ್ತ ಒಂದು ವೃತ್ತ ಎಳೆಯಿರಿ, ಅದರ ಮೇಲೆ ಸಮದೂರದಲ್ಲಿ ಹತ್ತು ಬುಡಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕೇಂದ್ರದಿಂದ ನಡುಗೆರೆ ಎಳೆಯಿರಿ. ಪ್ರತಿ ಹೆಜ್ಜೆ ನಮ್ಮನ್ನು ಒಳಕ್ಕೆ ತರುವುದರಿಂದ, ಬಲ ಮೂಲೆಗೆ ಹೋಗಿ ನಿಂತ ಮೇಲೆ ಹಿಂದಿನ ತ್ರಿಕೋಣದ ಹೆಜ್ಜೆಯಿಂದ ಬಲಕ್ಕಿರುವ ಮುಂದಿನ ಬುಡದ ಹತ್ತಿರಕ್ಕೆ ಹೊರಬರಬೇಕು. ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ಇಡೀ ವೃತ್ತ ಸುತ್ತುವುದು. ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು. ತಲೆ ಸುತ್ತಿದರೆ ಕಣ್ಣು ಕೇಂದ್ರ ಬಿಟ್ಟು ಕಾಲಿಗೆ ಇಳಿದಿದೆ ಎಂದೇ ಅರ್ಥ.

ಆಮೇಲೆ ಎಲ್ಲವನ್ನೂ ಅಳಿಸಿ, ಟೇಪ್ ಕಿತ್ತುಹಾಕಿ. ಬುಡದ ಚುಕ್ಕೆ ಮತ್ತು ನಡುಗೆರೆ ಮಾತ್ರ ಉಳಿಯಲಿ. ಅಂಗಾಲಿಗೆ ಸೀಮೆಸುಣ್ಣದ ಪುಡಿ ತೆಳುವಾಗಿ ಸವರಿಕೊಂಡು, ಕಣ್ಣೆದುರಿನ ಗೋಡೆ ನೋಡುತ್ತ ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಹಾಕಿ, ಹಿಂದಿನ ಕಾಲನ್ನೂ ತನ್ನಿ, ಹಾಗೇ ನಿಲ್ಲಿ. ಕೆಳಗಿಳಿದು ಅಳತೆಪಟ್ಟಿ ಹಿಡಿದು ಮುಂಪಾದದ ಅಚ್ಚುಗಳನ್ನು ಅಳೆಯಿರಿ: ನಡುಗೆರೆಯಿಂದ ಪಕ್ಕಕ್ಕೆ ಎಷ್ಟು, ಮುಂದಕ್ಕೆ ಎಷ್ಟು, ಹಿಂದಿನ ಪಾದ ಎಲ್ಲಿ. ಬಲಗೈ ಬಳಸುವವರಲ್ಲಿ ಎಡ ಹೆಜ್ಜೆ ನಾಲ್ಕೈದು ಸೆಂ.ಮೀ. ಗಿಡ್ಡವಾಗಿ, ನಡುಗೆರೆಗೆ ಅಂಟಿಕೊಂಡಂತೆ ಬರುವುದು ಸಾಮಾನ್ಯ. ಅಚ್ಚಿನ ಹಿಮ್ಮಡಿ ಭಾಗ ಗಾಢವಾಗಿದ್ದು ಬೆರಳ ಭಾಗ ಮಸುಕಾಗಿದ್ದರೆ ಭಾರ ಹಿಂದೆ ಕೂತಿದೆ. ಅಚ್ಚು ಅಂಚಿನಲ್ಲಿ ಉಜ್ಜಿಹೋಗಿದ್ದರೆ ಪಾದ ಕೂತ ಮೇಲೆ ತಿರುಗಿಸಿದ್ದೀರಿ, ತಿರುಗುತ್ತಾ ಕೂರಬೇಕಿತ್ತು. ಗಿಡ್ಡವಾದ ಪಕ್ಕದ ತೋಳೊಂದನ್ನೇ ಟೇಪಿನಲ್ಲಿ ಮತ್ತೆ ಬರೆದು, ಆ ವಾರ ಬಲಕ್ಕೆ ಒಂದಾದರೆ ಎಡಕ್ಕೆ ಎರಡು ಹೆಜ್ಜೆಯಂತೆ ಹಾಕಿ, ಭಾನುವಾರ ಇನ್ನೊಮ್ಮೆ ಪುಡಿ ಸವರಿ ಅಳೆಯಿರಿ.